ಕಬ್ಬಿನ ಗದ್ದೆಗೆ ಬೇಕಾದ ವಿಡಿಯೊ ಹುಡುಕಿ, ಜೋಡಿಸಿಟ್ಟುಕೊಳ್ಳುವ ಬಗೆ

ಯೂಟ್ಯೂಬಿನಲ್ಲಿ ಬರೀ ‘ಕಬ್ಬು’ ಎಂದು ಹುಡುಕಿದರೆ ಎದುರಾಗುವುದು ಟನ್ನಿನ ಲೆಕ್ಕ. ಎಕರೆಗೆ ನೂರು ಟನ್ ಎಂಬ ದಪ್ಪ ಅಕ್ಷರ, ಪಕ್ಕದಲ್ಲಿ ತನಗಿಂತ ಎತ್ತರದ ಜಲ್ಲೆ ಹಿಡಿದು ನಿಂತ ರೈತ. ಪಾಂಡವಪುರದ ಕಡೆ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆಯುವ ನನ್ನಂಥವಳಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಈ ವಾರ ಗದ್ದೆಯಲ್ಲಿ ಆಗಬೇಕಾದ ಕೆಲಸವನ್ನು ಕೈಯಾರೆ ಮಾಡಿ ತೋರಿಸುವವರು ಬೇಕು. ಅಂಥ ವಿಡಿಯೊಗಳು ಧಾರಾಳವಾಗಿವೆ. ಹುಡುಕುವ ಮಾತು ಸರಿಯಿರಬೇಕು, ಸಿಕ್ಕಿದ್ದನ್ನು ಬೆಳೆಯ ಕೆಲಸದ ಸರದಿಯಂತೆ ಜೋಡಿಸಿಡಬೇಕು.

ಹುಡುಕಾಟ ಗದ್ದೆಯಲ್ಲೇ ಶುರುವಾಗಲಿ. ಕಬ್ಬಿನ ಎಲೆ ಹಳದಿಯಾಗಿದೆ ಎಂದಿಟ್ಟುಕೊಳ್ಳಿ. ಮೊಬೈಲ್ ತೆಗೆಯುವ ಮೊದಲು ಯಾವ ಎಲೆ, ಎಲೆಯ ಯಾವ ಭಾಗ ಎಂದು ಬಗ್ಗಿ ನೋಡಿ. ಬುಡದ ಹಳೆಯ ಎಲೆಗಳು ಮೊದಲು ಹಳದಿಗೆ ತಿರುಗಿದ್ದರೆ ಸಾರಜನಕದ ಕೊರತೆ ಇರಬಹುದು. ಸುಳಿಯ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಪಟ್ಟೆಗಳು ಬಿಳಿಚಿಕೊಂಡಿದ್ದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಬೆಳೆಯಲ್ಲಿ, ಸುಣ್ಣದ ಅಂಶ ಹೆಚ್ಚಿರುವ ನೆಲದಲ್ಲಿ ಇದು ಜಾಸ್ತಿ. ಎಲೆ ಇನ್ನೂ ಹಸಿರಾಗಿದ್ದು ನಡುನರದ ಕೆಳಮೈ ಮಾತ್ರ ಹಳದಿಯಾಗಿದ್ದರೆ ವೈರಸ್‌ನಿಂದ ಬರುವ ಹಳದಿ ಎಲೆ ರೋಗವನ್ನು ಅನುಮಾನಿಸಬೇಕು. ಮೂರಕ್ಕೂ ಉಪಚಾರ ಬೇರೆ ಬೇರೆ. ‘ಕಬ್ಬು ಹಳದಿ’ ಎಂದಷ್ಟೇ ಬರೆದರೆ ಮೂರೂ ಕಲಸಿಕೊಂಡು ಬರುತ್ತವೆ, ನೋಡಿದವರು ಅಂಗಡಿಗೆ ಓಡಿ ಯೂರಿಯಾ ತಂದು ಸುರಿಯುತ್ತಾರೆ. ‘ಕೂಳೆ ಕಬ್ಬು ಸುಳಿ ಎಲೆ ಬಿಳಿ’ ಎಂದು, ಕಂಡದ್ದನ್ನು ಕಂಡಂತೆ ಬರೆಯಿರಿ. ಆಮೇಲೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ‘ಶುಗರ್‌ಕೇನ್ ರಟೂನ್ ಐರನ್ ಡೆಫಿಶಿಯೆನ್ಸಿ’ ಎಂದು ಬರೆದು ಇನ್ನೊಮ್ಮೆ ಹುಡುಕಿ. ಮೊದಲನೆಯದರಲ್ಲಿ ನಮ್ಮಂಥ ರೈತರು ಸಿಗುತ್ತಾರೆ, ಎರಡನೆಯದರಲ್ಲಿ ಕೃಷಿ ವಿಶ್ವವಿದ್ಯಾಲಯಗಳ, ಸಂಶೋಧನಾ ಕೇಂದ್ರಗಳ ವಿಜ್ಞಾನಿಗಳು. ನನಗೆ ಇಬ್ಬರೂ ಬೇಕು.

ಕಬ್ಬಿನ ಒಣಗಿದ ಎಲೆಗೆ ನಾವು ತರಗು ಎಂದರೆ, ಬೆಳಗಾವಿ, ಬಾಗಲಕೋಟೆಯ ಕಡೆ ರವದಿ ಎನ್ನುತ್ತಾರೆ. ತರಗನ್ನು ಸುಡದೆ ಸಾಲಿನಲ್ಲೇ ಪುಡಿ ಮಾಡಿ ಬಿಡುವ ಒಳ್ಳೆಯ ವಿಡಿಯೊಗಳು ಬೇಕಿದ್ದರೆ ಎರಡೂ ಹೆಸರಿನಲ್ಲಿ ನೋಡಿ. ಟೈಪ್ ಮಾಡುವುದು ತ್ರಾಸವಾದರೆ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಹೇಳಿದರೂ ಸಾಕು.

ಫಿಲ್ಟರ್ ಎಂಬ ಸೌಲಭ್ಯವನ್ನು ಬಹಳ ಮಂದಿ ಮುಟ್ಟುವುದೇ ಇಲ್ಲ. ಅದರಲ್ಲಿ 20 ನಿಮಿಷಕ್ಕಿಂತ ದೀರ್ಘವಾದವನ್ನು ಮಾತ್ರ ಆರಿಸಿಕೊಳ್ಳಬಹುದು. ಚಿಕ್ಕ ವಿಡಿಯೊಗಳಲ್ಲಿ ಔಷಧಿಯ ಹೆಸರಿರುತ್ತದೆ. ಪ್ರಮಾಣ, ಹೊತ್ತು, ಮುನ್ನೆಚ್ಚರಿಕೆ ಇರುವುದಿಲ್ಲ. ಹಾಕಿದ ದಿನಾಂಕವನ್ನೂ ತಪ್ಪದೆ ನೋಡಿ. ಕೂಳೆಯ ಮೋಟನ್ನು ನೆಲಮಟ್ಟಕ್ಕೆ ಸವರುವುದು, ಮಣ್ಣು ಏರಿಸುವುದು ಮುಂತಾದ ಕೆಲಸಗಳಿಗೆ ಹಳೆಯ ವಿಡಿಯೊ ಆದರೂ ನಡೆಯುತ್ತದೆ. ಕೀಟನಾಶಕಕ್ಕೆ ಖಂಡಿತ ನಡೆಯುವುದಿಲ್ಲ. ಕಬ್ಬಿಗೆ ಹಿಂದೆ ಧಾರಾಳವಾಗಿ ಹಾಕುತ್ತಿದ್ದ ಫೋರೇಟ್ ಹರಳು 2020ರ ಕೊನೆಯಿಂದ ನಮ್ಮ ದೇಶದಲ್ಲಿ ನಿಷಿದ್ಧ. ಅದಕ್ಕೂ ಹಿಂದಿನ ವಿಡಿಯೊದಲ್ಲಿ ಅದನ್ನು ಹಾಕಿ ಎಂದು ಹೇಳಿದ್ದರೆ, ಆ ಮಾತು ಇವತ್ತಿಗೂ ಹಾಗೆಯೇ ಕೇಳಿಸುತ್ತದೆ.

ಇನ್ನು ಆ ನೂರು ಟನ್ನಿನ ವಿಷಯ. ಅದು ಸುಳ್ಳೆಂದು ಹೇಳುವುದಿಲ್ಲ. ಯಾವ ಊರು, ಎಷ್ಟು ತಿಂಗಳ ಬೆಳೆ, ಯಾವ ನೀರು ಎಂಬುದನ್ನು ಮೊದಲು ಕೇಳಿಸಿಕೊಳ್ಳಿ. ಮಹಾರಾಷ್ಟ್ರದವರು ಅಡಸಾಲಿ ಎನ್ನುವ ಕಬ್ಬನ್ನು ಜುಲೈ, ಆಗಸ್ಟಿನಲ್ಲಿ ನಾಟಿ ಮಾಡಿ 16ರಿಂದ 18 ತಿಂಗಳು ಬೆಳೆಸುತ್ತಾರೆ. ಹನ್ನೆರಡು ತಿಂಗಳಿಗೆ ಕಡಿಯುವ ಕಬ್ಬನ್ನು ಅದರ ಪಕ್ಕ ನಿಲ್ಲಿಸಿ ಹೋಲಿಸುವುದು ನ್ಯಾಯವಲ್ಲ. ಅವರು ‘ಎಂಟನೇ ತಿಂಗಳಲ್ಲಿ ಇಷ್ಟು ಗೊಬ್ಬರ ಕೊಡಿ’ ಎಂದರೆ ಅದೂ ನಮಗೆ ಹೊಂದುವುದಿಲ್ಲ. ಕೊಳವೆಬಾವಿಗೆ ಹನಿ ನೀರಾವರಿ ಹಾಕಿ ದಿನ ಬಿಟ್ಟು ದಿನ ನೀರು ಕೊಡುವವರ ವೇಳಾಪಟ್ಟಿಯನ್ನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಸರದಿಯಂತೆ ಬಿಡುವ ಕಟ್ಟು ನೀರು ನಂಬಿದವರು ಅನುಸರಿಸಲು ಆಗುವುದೇ ಇಲ್ಲ. ವಿಡಿಯೊದ ಕೊನೆಯಲ್ಲಿ ಒಂದೇ ಕಂಪನಿಯ ಬಾಟಲಿ ಎತ್ತಿ ತೋರಿಸಿದರೆ ನಾನು ಅದನ್ನು ಉಳಿಸಿಕೊಳ್ಳುವುದಿಲ್ಲ.

ಉಳಿಸಿಕೊಳ್ಳುವ ಬಗೆ ನನಗೆ ಎಲ್ಲಕ್ಕಿಂತ ಮುಖ್ಯ. ಸಿಕ್ಕಿದ್ದನ್ನೆಲ್ಲ ‘ನಂತರ ವೀಕ್ಷಿಸಿ’ಗೆ ತುಂಬಿದರೆ ಅದು ಸಂತೆಯ ಮೂಟೆಯಾಗುತ್ತದೆ, ಬೇಕಾದಾಗ ಕೈಗೆ ಬರುವುದಿಲ್ಲ. ಪ್ಲೇಲಿಸ್ಟ್ ಮಾಡಿಕೊಳ್ಳಿ, ಆದರೆ ಚಾನೆಲ್‌ನ ಹೆಸರಿನಲ್ಲಿ ಬೇಡ, ಕೆಲಸದ ಹೆಸರಿನಲ್ಲಿ ಮಾಡಿ. ನನ್ನಲ್ಲಿರುವ ಪ್ಲೇಲಿಸ್ಟ್‌ಗಳು ಹೀಗಿವೆ: ಒಂಟಿ ಕಣ್ಣಿನ ಸಸಿ (ಒಂದೇ ಕಣ್ಣಿರುವ ಕಬ್ಬಿನ ತುಂಡಿನಿಂದ ಬೆಳೆಸಿದ್ದು), ನಾಟಿ ಮತ್ತು ಸಾಲಿನ ಅಂತರ, ಕಳೆ, ಮಣ್ಣು ಏರಿಸುವುದು, ಎಲೆಯ ತೊಂದರೆ, ಕಟಾವು, ತರಗು ಮತ್ತು ಕೂಳೆ, ಆಲೆಮನೆ. ಭತ್ತಕ್ಕೆ ಬೇರೆ. ಒಂದೇ ವಿಡಿಯೊವನ್ನು ಎರಡು ಪಟ್ಟಿಗೆ ಸೇರಿಸಲು ಅಡ್ಡಿಯಿಲ್ಲ. ಪಟ್ಟಿಯನ್ನು ಖಾಸಗಿಯಾಗಿ ಇಟ್ಟರೆ ನಿಮಗೆ ಮಾತ್ರ ಕಾಣುತ್ತದೆ. ಕೊಂಡಿ ಕಳುಹಿಸಿ ಹಂಚಿಕೊಳ್ಳುವ ಆಸೆಯಿದ್ದರೆ ‘ಪಟ್ಟಿ ಮಾಡದಿರುವುದು’ ಎಂಬ ಆಯ್ಕೆ ಇದೆ.

ಪ್ಲೇಲಿಸ್ಟ್ ಒಂದನ್ನೇ ನಂಬಬೇಡಿ. ಹಾಕಿದವರು ವಿಡಿಯೊ ತೆಗೆದುಹಾಕಿದರೆ ನಿಮ್ಮ ಪಟ್ಟಿಯಲ್ಲಿ ಅದರ ಹೆಸರೂ ಉಳಿಯುವುದಿಲ್ಲ, ಏನಿತ್ತು ಎಂದು ನೆನಪಿಗೆ ಬರುವುದೂ ಇಲ್ಲ. ಅದಕ್ಕಾಗಿ ವಾಟ್ಸ್ಆ್ಯಪಿನಲ್ಲಿ ನನಗೆ ನಾನೇ ಸಂದೇಶ ಕಳುಹಿಸಿಕೊಳ್ಳುತ್ತೇನೆ: ವಿಡಿಯೊದ ಕೊಂಡಿ, ಕೆಳಗೆ ನನ್ನದೇ ಮಾತಿನಲ್ಲಿ ಒಂದು ಸಾಲು. ‘ಕೂಳೆ, ಸುಳಿ ಬಿಳಿ, ಫೆರಸ್ ಸಲ್ಫೇಟ್ ಸಿಂಪಡಣೆ, ಆರನೇ ನಿಮಿಷದಿಂದ ನೋಡು.’ ಮುಂದೆ ಆ ಸಂದೇಶಗಳಲ್ಲಿ ‘ಸುಳಿ’ ಎಂದು ಹುಡುಕಿದರೆ ತಕ್ಷಣ ಸಿಗುತ್ತದೆ. ಪಕ್ಕದ ಜಮೀನಿನ ಹುಡುಗ ಬದುವಿನ ಮೇಲೆ ನಿಂತು, “ಅಕ್ಕ, ತರಗು ಪುಡಿ ಮಾಡುವ ಯಂತ್ರದ ವಿಡಿಯೊ ಇದೆ ಅಂದಿದ್ದಿರಲ್ಲ?” ಎಂದು ಕೇಳಿದಾಗ ಅಲ್ಲಿಂದಲೇ ಕಳುಹಿಸಿಬಿಡುತ್ತೇನೆ.

ಮನೆಯ ಮಕ್ಕಳೂ ಅದೇ ಮೊಬೈಲ್ ಹಿಡಿದರೆ ನಿಮ್ಮ ಮುಖಪುಟದಲ್ಲಿ ಕಾರ್ಟೂನ್ ತುಂಬಿಕೊಳ್ಳುತ್ತದೆ. ಬೇಸಾಯಕ್ಕೆಂದೇ ಬೇರೆ ಖಾತೆ ಇಟ್ಟುಕೊಳ್ಳಿ. ಬೇಡದ್ದು ಬಂದರೆ ಪಕ್ಕದ ಮೂರು ಚುಕ್ಕಿ ಒತ್ತಿ ಆಸಕ್ತಿಯಿಲ್ಲ ಎಂದು ತಿಳಿಸಿ. ಪದೇ ಪದೇ ಕಾಡುವ ಚಾನೆಲ್ ಅನ್ನು ಶಿಫಾರಸು ಮಾಡದಂತೆ ತಡೆಯುವ ಆಯ್ಕೆಯೂ ಅಲ್ಲೇ ಇದೆ.

ಸಿಂಪಡಿಸುವ ವಸ್ತು ಯಾವುದೇ ಆಗಲಿ, ವಿಡಿಯೊ ಎಷ್ಟೇ ಚೆನ್ನಾಗಿರಲಿ, ಡಬ್ಬಿ ತೆರೆಯುವ ಮೊದಲು ತಿಳಿದವರನ್ನು ಒಂದು ಮಾತು ಕೇಳಿ. ಮಂಡ್ಯದ ಸುತ್ತಿನವರು ರೋಗ ಬಿದ್ದ ಎಲೆಯನ್ನು ಬುಡಸಮೇತ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ ಒಯ್ದು ತೋರಿಸಬಹುದು. ಅಷ್ಟು ದೂರ ಹೋಗಲು ಬಿಡುವಿಲ್ಲದವರಿಗೆ ಕಿಸಾನ್ ಕಾಲ್ ಸೆಂಟರ್ ಇದೆ: 1800-180-1551. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲೇ ಮಾತನಾಡುತ್ತಾರೆ, ಕರೆಗೆ ಹಣವಿಲ್ಲ. ಅವರು ಹೇಳಿದ ಪ್ರಮಾಣವನ್ನು ಅದೇ ವಿಡಿಯೊದ ಕೊಂಡಿಯ ಕೆಳಗೆ, ದಿನಾಂಕ ಹಾಕಿ ಬರೆದಿಡಿ.