ವಾಲ್ಕಿರಿಯ ಕಾಲು ಕೊಯ್ದು ಮತ್ತೆ ಜೋಡಿಸಿದ್ದು: ನನ್ನ ಅನುಭವ

ವಿಮಾನವಾಗಿದ್ದಾಗ ನೋಡೋಕೆ ಎರಡು ಕಣ್ಣು ಸಾಲದು. ಅದನ್ನೇ ರೋಬೋ ಮಾಡಿ ನಿಲ್ಲಿಸಿದರೆ ಕವಾಯತಿನಲ್ಲಿ ಬೈಸಿಕೊಂಡು ನಿಂತವನ ಹಾಗೆ ಬಿಗಿದುಕೊಂಡು ನಿಲ್ಲುತ್ತದೆ. ನನ್ನ ಹತ್ತಿರ ಇದ್ದ 1/72 ಅಳತೆಯ ವಿಎಫ್-1 ವಾಲ್ಕಿರಿ ಪ್ಲಾಸ್ಟಿಕ್ ಮಾಡೆಲ್ ಕಿಟ್‌ನ ಕಥೆ ಇದೇ. ವಾಲ್ಕಿರಿ ಅಂದರೆ ಮ್ಯಾಕ್ರಾಸ್ ಅನ್ನುವ ಜಪಾನಿ ಕಾರ್ಟೂನ್ ಸರಣಿಯಲ್ಲಿ ಬರುವ, ವಿಮಾನದಿಂದ ರೋಬೋ ಆಗುವ ಯಂತ್ರ. ಹಳೇ ಅಚ್ಚಿನ ಕಿಟ್, ಮೂರು ರೂಪಕ್ಕೂ ಬದಲಾಗುತ್ತದೆ: ವಿಮಾನ (ಫೈಟರ್), ರೋಬೋ (ಬ್ಯಾಟ್ರಾಯ್ಡ್), ಇವೆರಡರ ನಡುವಿನ ಅರ್ಧ ರೂಪ (ಗರ್‌ವಾಕ್). ಕೈಯಲ್ಲಿ ಗನ್ ಕೊಟ್ಟು, ಕಾಲು ಸ್ವಲ್ಪ ಅಗಲಿಸಿ ನಿಲ್ಲಿಸೋಣ ಅಂದರೆ ಪಾದದ ಒಳ ಅಂಚು ಮಾತ್ರ ನೆಲ ಮುಟ್ಟುತ್ತಿತ್ತು, ಹೊರ ಅಂಚು ಗಾಳಿಯಲ್ಲಿ. ಒಂದು ವರ್ಷ ಹಾಗೇ ಕಪಾಟಿನಲ್ಲಿ ವಿಮಾನವಾಗಿ ಮಲಗಿತ್ತು. ಆಮೇಲೆ ಒಂದು ದಿನ ಗರಗಸ ತೆಗೆದುಕೊಂಡೆ.

ಇದು ಕಿಟ್ ಮಾಡಿದವರ ಸೋಮಾರಿತನ ಅಲ್ಲ. ವಿನ್ಯಾಸವೇ ಹಾಗಿದೆ. 1982ರಲ್ಲಿ ಮ್ಯಾಕ್ರಾಸ್ ಟಿವಿಯಲ್ಲಿ ಬಂದಾಗ ಶೋಜಿ ಕವಾಮೊರಿ ವಿನ್ಯಾಸ ಮಾಡಿದ ಈ ಯಂತ್ರದಲ್ಲಿ ರೋಬೋದ ಕಾಲು ಅಂದರೆ ವಿಮಾನದ ಎಂಜಿನ್. ಪಾದ ಅಂದರೆ ಆ ಎಂಜಿನ್ನಿನ ಬೆಂಕಿ ಉಗುಳುವ ಬಾಯಿ. ತೊಡೆಯ ಮೇಲ್ಭಾಗ ಗಾಳಿ ಎಳೆದುಕೊಳ್ಳುವ ಜಾಗ. ಎರಡು ಕಾಲಿನ ನಡುವೆ, ಹೊಟ್ಟೆಯ ಕೆಳಗೆ, ಎರಡೂ ಕೈ ಮಡಚಿಕೊಂಡು ಮಲಗಿರುತ್ತವೆ. ತಲೆಯೂ ಅಲ್ಲೇ ಕೆಳಗೆ. ಕವಾಮೊರಿ ಇಂಥ ರೂಪಾಂತರಗಳನ್ನು ಲೆಗೋದಲ್ಲಿ ಕಟ್ಟಿ ಪರೀಕ್ಷೆ ಮಾಡುತ್ತಾರೆ. ಹಾಗಾಗಿ ಮಡಿಕೆ ಎಲ್ಲ ಲೆಕ್ಕಕ್ಕೆ ಸರಿಯಾಗಿಯೇ ಬರುತ್ತದೆ. ಆದರೆ ಮಡಚುವ ಕೀಲೇ ಬೇರೆ, ನಿಲ್ಲುವ ಕೀಲೇ ಬೇರೆ. ಮಡಚಲು ಹಿಂದೆ ಮುಂದೆ ಹೋದರೆ ಸಾಕು. ನಿಲ್ಲಲು ಅಕ್ಕಪಕ್ಕಕ್ಕೂ ವಾಲಬೇಕು, ತಿರುಗಬೇಕು. ಅದಕ್ಕೆ ಜಾಗ ಎಲ್ಲಿದೆ? ಜಪಾನಿನ ಕಿಟ್ ಕಂಪನಿ ಹಸೆಗಾವಾದವರು ಇದೇ ವಿಎಫ್-1ಅನ್ನು 1/72ರಲ್ಲಿ ಫೈಟರ್, ಗರ್‌ವಾಕ್, ಬ್ಯಾಟ್ರಾಯ್ಡ್ ಅಂತ ಮೂರು ಬೇರೆ ಬೇರೆ ಕಿಟ್ ಆಗಿ ತಂದಿರುವುದು ಸುಮ್ನೆ ಅಲ್ಲ. ಒಂದೇ ರೂಪ ಅಂದರೆ ಅರ್ಧ ತಲೆನೋವು ಕಡಿಮೆ.

ನನಗೆ ಮೂರೂ ಬೇಕಿತ್ತು. ಅದೇ ತಾನೇ ಇದರ ಮಜಾ.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ನಾನು ಮೊಣಕೈಯಿಂದ ಶುರು ಮಾಡಿದೆ. ಮೊಣಕೈ 90 ಡಿಗ್ರಿ ಕೂಡ ಮಡಚುತ್ತಿರಲಿಲ್ಲ, ಹಾಗಾಗಿ ಅಲ್ಲಿ ಎರಡು ಕೀಲು ಹಾಕಿದರೆ ಗನ್ ಚೆನ್ನಾಗಿ ಹಿಡಿಸಬಹುದು ಅಂತ ಆಸೆ. ಎರಡು ವಾರ ಕೂತು ಮಾಡಿದೆ. ಕೈ ಭರ್ಜರಿಯಾಗಿ ಮಡಚಿತು. ಆಮೇಲೆ ಫೈಟರ್ ಮಾಡಲು ಹೋದರೆ ಕೈ ದಪ್ಪ ಆಗಿ ಎರಡು ಕಾಲೂ ಒಂದಕ್ಕೊಂದು ಸೇರಲೇ ಇಲ್ಲ, ವಿಮಾನ ಹಿಂದಿನಿಂದ ಬಾಯಿ ಬಿಟ್ಟುಕೊಂಡು ಕೂತಿತು. ಎರಡು ವಾರದ ಕೆಲಸ ಕಸದ ಬುಟ್ಟಿಗೆ. ಪುಣ್ಯಕ್ಕೆ ಇನ್ನೊಂದು ಹಳೇ ಕಿಟ್‌ನ ಕೈ ಇತ್ತು. ಅದರಲ್ಲಿ ಮೊಣಕೈ ಒಳಗಿನ ಅಂಚನ್ನು 2 ಮಿ.ಮೀ. ಕೆತ್ತಿದೆ, ಅಷ್ಟೇ. ಈಗ 90 ದಾಟಿ ಸ್ವಲ್ಪ ಮಡಚುತ್ತದೆ, ಸಾಕು.

ಅವತ್ತು ರಾತ್ರಿ ಬೇಜಾರಿನಲ್ಲಿ ಕನ್ನಡಿ ಮುಂದೆ ಪೊರಕೆಯನ್ನು ಗನ್ ಥರ ಹಿಡಿದು ನಿಂತೆ. ನಗಬೇಡಿ. ಹಾಗೆ ನಿಂತಾಗಲೇ ಗೊತ್ತಾಗಿದ್ದು, ಕೈ ಹೇಗಿದ್ದರೂ ನಿಲುವು ಬರುವುದು ಕೆಳಗಿನಿಂದ. ಪಾದ ಪೂರ್ತಿ ನೆಲಕ್ಕೆ ಕೂತಿರುತ್ತದೆ, ಒಂದು ತೊಡೆ ಹೊರಕ್ಕೆ ತಿರುಗಿರುತ್ತದೆ, ಭಾರ ಒಂದು ಕಾಲ ಮೇಲೆ ಇರುತ್ತದೆ. ಇಷ್ಟಿದ್ದರೆ ಕೈ ಸುಮ್ಮನೆ ತೂಗಾಡುತ್ತಿದ್ದರೂ ಆಳು ಜೀವಂತ ಅನಿಸುತ್ತದೆ. ಹಾಗಾಗಿ ಪಾದ, ತೊಡೆ, ಸೊಂಟದ ಹತ್ತಿರ ಕಾಲು ಸೇರುವ ಜಾಗ, ಈ ಮೂರು ಮಾತ್ರ ಮಾಡುವುದು ಅಂತ ತೀರ್ಮಾನ ಮಾಡಿದೆ. ನಡು ತಿರುಗಿಸುವ ಆಸೆ ಕೈಬಿಟ್ಟೆ. ಅಲ್ಲಿ ವಿಮಾನದ ಮೂತಿ ಮಡಚಿ ಕೂರುತ್ತದೆ, ಅದನ್ನು ಮುಟ್ಟಿದರೆ ಎಲ್ಲಾ ಕೆಟ್ಟಿತು.

ಕತ್ತರಿಸುವ ಮುಂಚೆ ಜಾಗ ಅಳೆಯಬೇಕಲ್ಲ, ಅದಕ್ಕೆ ಒಂದು ಸುಲಭದ ದಾರಿ ಸಿಕ್ಕಿತು. ಮಕ್ಕಳು ಆಡುವ ಬಣ್ಣದ ಜೇಡಿಮಣ್ಣು ಇರುತ್ತದಲ್ಲ, ಅದರ ಸಣ್ಣ ಸಣ್ಣ ಉಂಡೆಗಳನ್ನು ಕಾಲಿನ ಒಳಗೆ, ಪಾದದ ಮೇಲೆ, ಕೈ ಮತ್ತು ಕಾಲಿನ ನಡುವೆ ಎಲ್ಲ ಕಡೆ ಇಟ್ಟು, ಇಡೀ ಕಿಟ್ ಅನ್ನು ನಿಧಾನಕ್ಕೆ ಫೈಟರ್ ರೂಪಕ್ಕೆ ಮಡಚಿದೆ. ಮತ್ತೆ ಬಿಚ್ಚಿದರೆ ಉಂಡೆಗಳೆಲ್ಲ ಚಪ್ಪಟೆ. ಎಲ್ಲಿ ಕಾಗದದಷ್ಟು ತೆಳ್ಳಗಾಗಿದೆಯೋ ಅಲ್ಲಿ ಜಾಗ ಇಲ್ಲ. ಎಲ್ಲಿ ಉಂಡೆ ಉಂಡೆಯಾಗಿಯೇ ಉಳಿದಿದೆಯೋ ಅಲ್ಲಿ ನಮ್ಮ ಆಟ. ಕೈ ಪಕ್ಕದ ಉಂಡೆಗಳು ಅರ್ಧ ಮಿ.ಮೀ. ಕೂಡ ಇರಲಿಲ್ಲ. ಇದನ್ನು ಮೊದಲೇ ಮಾಡಿದ್ದರೆ ಆ ಎರಡು ವಾರ ಉಳಿಯುತ್ತಿತ್ತು. ಆದರೆ ಮೊಣಕಾಲಿನಿಂದ ಕೆಳಗೆ, ಕಾಲಿನ ಟೊಳ್ಳಿನೊಳಗೆ, ಪಾದದ ಮೇಲಿನ ಉಂಡೆ ಹಾಗೇ ಗುಂಡಗೆ ಕೂತಿತ್ತು. ಅಲ್ಲಿ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಖಾಲಿ ಜಾಗ!

ಪಾದದ ಕೆಲಸ ಹೀಗೆ. ಮೂಲ ಕಿಟ್‌ನಲ್ಲಿ ಪಾದದ ಮುಂದಿನ ಅರ್ಧ ಮತ್ತು ಹಿಮ್ಮಡಿ ಎರಡೂ ಒಂದೇ ಅಡ್ಡ ಪಿನ್ನಿಗೆ ಸಿಕ್ಕಿಕೊಂಡಿರುತ್ತವೆ. ಮುಚ್ಚಿದರೆ ಎಂಜಿನ್ನಿನ ಬಾಯಿ, ತೆರೆದರೆ ಪಾದ. ಪಕ್ಕಕ್ಕೆ ವಾಲುವ ಪ್ರಶ್ನೆಯೇ ಇಲ್ಲ, ಪಿನ್ ಬಿಡುವುದಿಲ್ಲ. ನಾನು ಆ ಪಿನ್ನನ್ನು ಮುಟ್ಟಲಿಲ್ಲ. ಪಿನ್ ಕಾಲಿಗೆ ಅಂಟಿದ್ದ ತುಂಡನ್ನು ಕಾಲಿನಿಂದ ಬಿಡಿಸಿದೆ. ಅದರ ಮೇಲೆ ಒಂದು ಬಾಲ್ ಜಾಯಿಂಟ್‌ನ ಬಟ್ಟಲು ಅಂಟಿಸಿದೆ. ಬಾಲ್ ಅನ್ನು 3 ಮಿ.ಮೀ. ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಕೂರಿಸಿ, ಕಡ್ಡಿಯನ್ನು ಕಾಲಿನ ಟೊಳ್ಳಿನೊಳಗೆ ಜಾರುವಂತೆ ಮಾಡಿದೆ. ಮೇಜಿನ ಡ್ರಾಯರ್ ಥರ. ನಿಲ್ಲಿಸುವಾಗ ಪಾದವನ್ನು 5 ಮಿ.ಮೀ. ಕೆಳಗೆ ಎಳೆದರೆ ಅದು ಕಾಲಿನ ಅಂಚಿನಿಂದ ಹೊರಗೆ ಬರುತ್ತದೆ, ಯಾವ ಕಡೆಗಾದರೂ ವಾಲುತ್ತದೆ. ವಿಮಾನ ಮಾಡುವಾಗ ಒಳಗೆ ತಳ್ಳಿದರೆ ಮೊದಲಿನ ಹಾಗೇ.

ಕಡ್ಡಿ ಜಾರಲು ಪಾಲಿಕ್ಯಾಪ್ ಬಳಸಿದೆ, ಅಂದರೆ ಕೀಲಿನೊಳಗೆ ಹಾಕುವ ಮೆದು ಪ್ಲಾಸ್ಟಿಕ್‌ನ ತೂತಿರುವ ಪುಟ್ಟ ತುಂಡು. ಒಂದೇ ಹಾಕಿದ್ದಾಗ ಕಡ್ಡಿ ಲೊಡಲೊಡ ಅಲ್ಲಾಡಿತು. 6 ಮಿ.ಮೀ. ಅಂತರದಲ್ಲಿ ಒಂದರ ಮೇಲೊಂದು ಎರಡು ಹಾಕಿದ ಮೇಲೆ ಗಟ್ಟಿಯಾಯಿತು. ಪಾಲಿಕ್ಯಾಪ್ ಪಾಲಿಎಥಿಲೀನ್, ಮಾಮೂಲಿ ಕಿಟ್ ಅಂಟು ಅದಕ್ಕೆ ಹಿಡಿಯುವುದೇ ಇಲ್ಲ. ಹಾಗಾಗಿ ಸುತ್ತಲೂ 1 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಗೋಡೆ ಕಟ್ಟಿ, ಪೆಟ್ಟಿಗೆಯೊಳಗೆ ಕೂಡಿಹಾಕಿದ ಹಾಗೆ ಮಾಡಬೇಕು. ಕಾಲಿನ ಕೆಳ ಅಂಚನ್ನೂ ಒಳಗಿನಿಂದ ತೆಳ್ಳಗೆ ಕೆತ್ತಿದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಂದು ಪಾದಕ್ಕೆ ಮೂರು ಸಂಜೆ ಹಿಡಿಯಿತು. ಎರಡನೇ ಪಾದಕ್ಕೆ ಒಂದೇ ಸಂಜೆ.

ತೊಡೆಯ ವಿಷಯದಲ್ಲಿ ಎಲ್ಲಿ ಕೊಯ್ಯಬೇಕು ಅನ್ನುವುದೇ ಅರ್ಧ ಕೆಲಸ. ಗಾಳಿ ಎಳೆಯುವ ಬಾಯಿಯ ತುಸು ಕೆಳಗೆ ಒಂದು ಪ್ಯಾನೆಲ್ ಗೆರೆ (ವಿಮಾನದ ಹೊರಮೈ ಹಾಳೆಗಳು ಸೇರುವ ಜಾಗ ತೋರಿಸಲು ಕೊರೆದ ಗೆರೆ) ಸುತ್ತಲೂ ಹೋಗುತ್ತದೆ. ಅದರ ಮೇಲೇ ಕೊಯ್ದರೆ ಕೊಯ್ದ ಗುರುತು ಗೆರೆಯಲ್ಲೇ ಮುಚ್ಚಿಹೋಗುತ್ತದೆ. ದಪ್ಪ ಗರಗಸ ಬೇಡವೇ ಬೇಡ. 0.1 ಮಿ.ಮೀ. ದಪ್ಪದ, ತೆಳು ಲೋಹದ ಹಾಳೆಯ ಎಚಿಂಗ್ ಗರಗಸ ತೆಗೆದುಕೊಳ್ಳಿ, ಗೆರೆಯ ಪಕ್ಕ ಗಟ್ಟಿ ಟೇಪ್ ಸುತ್ತಿ ಅದರ ಅಂಚಿಗೆ ಒರಗಿಸಿ, ಒಂದೇ ಕಡೆಯಿಂದ ಆಳಕ್ಕೆ ಇಳಿಸದೆ ಕಾಲನ್ನು ತಿರುಗಿಸುತ್ತಾ ತಿರುಗಿಸುತ್ತಾ ಸುತ್ತಲೂ ಗೀರುತ್ತಾ ಬನ್ನಿ, ಕೊನೆಗೆ ಟಕ್ ಅಂತ ತಾನೇ ಬಿಡುತ್ತದೆ. ಆ ಟಕ್ ಕೇಳಿದಾಗ ಎದೆ ಝಲ್ ಅನ್ನುತ್ತದೆ, ಮೊದಲ ಸಲ ಅಂತೂ ಕೈ ನಡುಗುತ್ತಿತ್ತು.

ಕೊಯ್ದ ಎರಡೂ ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಮುಚ್ಚಳ ಅಂಟಿಸಿ, ನಡುವೆ 3 ಮಿ.ಮೀ. ತೂತು ಕೊರೆದು, ಮೇಲೆ ಪಾಲಿಕ್ಯಾಪ್, ಕೆಳಗೆ ಕಡ್ಡಿ. ಪಿನ್ ವೈಸ್‌ನಲ್ಲಿ (ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್) ಮೊದಲು 1 ಮಿ.ಮೀ., ಆಮೇಲೆ 2, ಆಮೇಲೆ 3. ನೇರ 3ಕ್ಕೆ ಹೋದರೆ ತೂತು ಒಂದು ಕಡೆ ಓಡುತ್ತದೆ. ನನ್ನ ಎಡಗಾಲಿನಲ್ಲಿ ಓಡಿತು, ಅರ್ಧ ಮಿ.ಮೀ. ಅರ್ಧ ಮಿ.ಮೀ. ಏನು ಮಹಾ ಅನಿಸಬಹುದು. 1/72ರಲ್ಲಿ ಅದು ನಿಜವಾದ ಯಂತ್ರದ 3.6 ಸೆಂ.ಮೀ.! ಬೆರಳಾಡಿಸಿದರೆ ಇವತ್ತಿಗೂ ಆ ಮೆಟ್ಟಿಲು ಸಿಗುತ್ತದೆ.

ಇನ್ನೊಂದು ತೊಂದರೆ ಏನೆಂದರೆ, ತೊಡೆ ತಿರುಗುವಂತಾದರೆ ವಿಮಾನವಾಗಿದ್ದಾಗಲೂ ತಿರುಗುತ್ತದೆ, ಎಂಜಿನ್ ಸೊಟ್ಟಗೆ ನೋಡುತ್ತದೆ. ಅದಕ್ಕೆ 2 ಮಿ.ಮೀ. ಅಗಲ 1 ಮಿ.ಮೀ. ದಪ್ಪದ ನಿಯೋಡಿಮಿಯಮ್ ಮ್ಯಾಗ್ನೆಟ್‌ಗಳನ್ನು ಎರಡೂ ಮುಚ್ಚಳದಲ್ಲಿ ಎದುರುಬದುರಾಗಿ ಹುದುಗಿಸಿದೆ. ಕಾಲು ನೇರಕ್ಕೆ ಬಂದಾಗ ಕಚ್ಚಿಕೊಳ್ಳುತ್ತದೆ. ಬಲಗಾಲು ಮೊದಲ ಸಲಕ್ಕೇ ಸರಿಬಂತು. ಎಡಗಾಲಿನಲ್ಲಿ ಒಂದು ಮ್ಯಾಗ್ನೆಟ್ ತಿರುವು ಹಾಕಿ ಅಂಟಿಸಿದ್ದೆ, ನೇರ ಮಾಡಲು ಹೋದಷ್ಟೂ ಮುನಿಸಿಕೊಂಡವರ ಹಾಗೆ ಆ ಕಡೆ ತಿರುಗುತ್ತಿತ್ತು. ಕಿತ್ತು ಮತ್ತೆ ಹಾಕಿದೆ. ಅಂಟಿಸುವ ಮುಂಚೆ ಎಲ್ಲಾ ಮ್ಯಾಗ್ನೆಟ್‌ನ ಒಂದೇ ಮುಖಕ್ಕೆ ಮಾರ್ಕರ್ ಚುಕ್ಕಿ ಇಡಿ.

ಸೊಂಟದಲ್ಲಿ ಕಾಲು ಒಂದು ತೋಳಿನಂಥ ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ವಿಮಾನದಿಂದ ರೋಬೋ ಆಗುವಾಗ ಆ ಪಟ್ಟಿ ಹಿಂದಿನಿಂದ ಮುಂದಕ್ಕೆ ತೂಗಿ ಬಂದು ಮೂತಿಯ ಪಕ್ಕ ಕೂರುತ್ತದೆ. ಪಟ್ಟಿಯನ್ನು ಹಾಗೇ ಬಿಟ್ಟು ಅದರ ತುದಿಯ ಮೊಳೆಯನ್ನು ಮಾತ್ರ ಬಾಲ್ ಜಾಯಿಂಟ್ ಮಾಡಿದೆ. ಕಾಲು ಅಕ್ಕಪಕ್ಕಕ್ಕೆ ಹೋಯಿತು, ಆದರೆ ವಿಮಾನ ರೂಪದಲ್ಲಿ ಎರಡೂ ಕಾಲು ಜೋತುಬಿತ್ತು. ಕಾಲಿನ ಒಳಮಗ್ಗುಲಿಂದ ಮೈಗೆ 1 ಮಿ.ಮೀ. ಹಿತ್ತಾಳೆ ಕಡ್ಡಿಯ ಒಂದು ಪುಟ್ಟ ಗೂಟ, ಎದುರಿಗೆ ಒಂದು ತೂತು. ಸಿಕ್ಕಿಸಿದರೆ ನಿಲ್ಲುತ್ತದೆ. ಇದು ಐದು ನಿಮಿಷದ ಕೆಲಸ, ಇದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ ಆಗುತ್ತಿತ್ತು.

ಬಾಲ್ ಸಡಿಲ ಇದ್ದರೆ ಅದರ ಮೇಲೆ ಸೂಪರ್ ಗ್ಲೂ ತೆಳ್ಳಗೆ ಸವರಿ, ಪೂರ್ತಿ ಒಣಗಿಸಿ, ನುಣ್ಣನೆ ಸ್ಯಾಂಡ್‌ಪೇಪರ್‌ನಲ್ಲಿ ಹಗುರಕ್ಕೆ ತಿಕ್ಕಿ ಬಟ್ಟಲಿಗೆ ಒತ್ತಬೇಕು. ಪೂರ್ತಿ ಒಣಗಿಸಿ ಅಂದೆ. ನಾನು ಊಟ ಮಾಡಿ ಬಂದು ಒತ್ತಿಬಿಟ್ಟೆ. ಬಲ ಸೊಂಟದ ಮೊದಲ ಬಾಲ್ ಈಗಲೂ ಅದರ ಬಟ್ಟಲಿನಲ್ಲೇ ಅಂಟಿಕೊಂಡು ನನ್ನ ಡಬ್ಬಿಯಲ್ಲಿದೆ, ನೆನಪಿಗೆ ಇಟ್ಟಿದ್ದೇನೆ. ಒಂದು ರಾತ್ರಿ ಬಿಡಿ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಭುಜಕ್ಕೆ ಬೇರೆ ಕಿಟ್‌ನಿಂದ ತೆಗೆದ ಎಬಿಎಸ್ ಕೀಲು ಹಾಕಿದ್ದೆ, ಗಟ್ಟಿಯಾಗಿರುತ್ತದೆ ಅಂತ. ಎಲ್ಲಾ ಮುಗಿದ ಮೇಲೆ ಪ್ಯಾನೆಲ್ ಗೆರೆಗಳಿಗೆ ಎನಾಮೆಲ್ ಬಣ್ಣವನ್ನು ಥಿನ್ನರ್‌ನಲ್ಲಿ ತೆಳ್ಳಗೆ ಕಲಸಿ ಹರಿಬಿಟ್ಟೆ. ಅದು ಗೆರೆಗುಂಟ ಹರಿದು ಭುಜದ ಒಳಗೂ ಇಳಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಕೈ ಮೇಜಿನ ಮೇಲೆ ಬಿದ್ದಿದೆ. ಬಿಗಿಯಾಗಿ ಒತ್ತಿಕೊಂಡಿರುವ ಎಬಿಎಸ್‌ಗೆ ಎನಾಮೆಲ್ ಥಿನ್ನರ್ ತಾಗಿದರೆ ಸೀಳುತ್ತದೆ, ಇದು ಗೊತ್ತಿರುವ ವಿಷಯವೇ, ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಈಗ ಕೀಲುಗಳನ್ನು ಬಿಚ್ಚಿಟ್ಟು ಹೊರಗಿನ ತುಂಡುಗಳಿಗೆ ಮಾತ್ರ ಗೆರೆ ಹಾಕುತ್ತೇನೆ. ಅದಕ್ಕೂ ಮುಂಚೆ ಮೇಲೊಂದು ಕ್ಲಿಯರ್ ಕೋಟ್.

ಬಣ್ಣದ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಉಜ್ಜಿಕೊಳ್ಳುವ ಜಾಗಗಳನ್ನೆಲ್ಲ, ಅಂದರೆ ಕಾಲಿನ ಒಳಮಗ್ಗುಲು, ಕೈ ಹೊರಮಗ್ಗುಲು, ರೆಕ್ಕೆ ಒಳಸೇರುವ ಸೀಳು, ಬಣ್ಣ ಹಾಕುವ ಮುಂಚೆಯೇ 600 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಸ್ವಲ್ಪ ಇಳಿಸಿದೆ. ಆದರೂ ಎರಡು ಕಡೆ ಕೆರೆದುಹೋಗಿದೆ. ರೂಪ ಬದಲಾಗುವ ಕಿಟ್ ಅಂದ ಮೇಲೆ ಇಷ್ಟು ಇದ್ದದ್ದೇ.

ಈಗ ಬ್ಯಾಟ್ರಾಯ್ಡ್ ನಿಂತರೆ ಸುಮಾರು 18 ಸೆಂ.ಮೀ. ಪಾದ ಎಳೆದಿರುವುದರಿಂದ ಲೆಕ್ಕಕ್ಕಿಂತ ಒಂಚೂರು ಎತ್ತರ. ನಿಜವಾದ ವಿನ್ಯಾಸ 12.68 ಮೀಟರ್, 1/72ಕ್ಕೆ 17.6 ಸೆಂ.ಮೀ. ಬರಬೇಕು. ಕಾಲು ಅಗಲಿಸಿ, ಒಂದು ತೊಡೆ ಹೊರಕ್ಕೆ ತಿರುಗಿಸಿ, ಗನ್ ಸೊಂಟದ ಹತ್ತಿರ ಹಿಡಿಸಿದರೆ ಎರಡೂ ಪಾದ ಪೂರ್ತಿ ಮೇಜಿಗೆ ಕೂರುತ್ತವೆ. ಬೆನ್ನಿನ ಮೇಲೆ ರೆಕ್ಕೆ ಮತ್ತು ಬಾಲದ ಭಾರ ಇರುವುದರಿಂದ ಮೊದಮೊದಲು ಹಿಂದಕ್ಕೆ ಬೀಳುತ್ತಿತ್ತು, ಪಾದದ ಮುಂಭಾಗದೊಳಗೆ ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬಿದ ಮೇಲೆ ನಿಂತಿತು.

ನಾನು ನಿರೀಕ್ಷೆ ಮಾಡದೇ ಇದ್ದ ಲಾಭ ಗರ್‌ವಾಕ್‌ನಲ್ಲಿ ಸಿಕ್ಕಿತು. ವಿಮಾನಕ್ಕೆ ಹಕ್ಕಿಯ ಕಾಲು ಬಂದಂಥ ಆ ಅರ್ಧ ರೂಪ ಇದೆಯಲ್ಲ, ಮಂಡಿ ಹಿಂದಕ್ಕೆ ಮಡಚಿ ಎರಡೂ ಕಾಲು ಅಗಲಿಸಿ ಕೂರುವುದು, ಮೊದಲು ಅದು ಊರುಗೋಲು ಹಾಕಿದ ಹಾಗೆ ಕಾಣುತ್ತಿತ್ತು. ಈಗ ತೊಡೆ ಹೊರಕ್ಕೆ, ಪಾದ ಒಳಕ್ಕೆ ವಾಲಿಸಿದರೆ ಇನ್ನೇನು ಚಿಮ್ಮುತ್ತದೆ ಅನ್ನುವ ಹಾಗೆ ಕುಕ್ಕರಗಾಲಲ್ಲಿ ಕೂರುತ್ತದೆ. ಬ್ಯಾಟ್ರಾಯ್ಡ್‌ಗೋಸ್ಕರ ಅಂತ ಮಾಡಿದ್ದು, ಆದರೆ ಕಪಾಟಿನಲ್ಲಿ ಈಗ ಜಾಸ್ತಿ ದಿನ ನಿಲ್ಲುವುದು ಈ ರೂಪದಲ್ಲೇ.

ಎಡಗಾಲಿನ ಕಡ್ಡಿ ಮಾತ್ರ ವಿಮಾನ ಮಾಡುವಾಗ ಪೂರ್ತಿ ಒಳಗೆ ಹೋಗುವುದಿಲ್ಲ. ಕೊನೆಯ ಒಂದು ಮಿ.ಮೀ. ಹಟ ಮಾಡುತ್ತದೆ, ಹಲ್ಲುಕಡ್ಡಿಯಿಂದ ತಳ್ಳಬೇಕು. ಹಾಗಾಗಿ ಕಪಾಟಿನಲ್ಲಿ ಅದರ ಪಕ್ಕ ಯಾವಾಗಲೂ ಒಂದು ಹಲ್ಲುಕಡ್ಡಿ ಇರುತ್ತದೆ. ಬಂದವರೆಲ್ಲ ಅದು ಯಾಕೆ ಅಂತ ಕೇಳುತ್ತಾರೆ.