ಲಿನಕ್ಸ್ ಮಿಂಟ್‌ನಲ್ಲಿ ಡಾರ್ಕ್‌ಟೇಬಲ್: ಮೊದಲು ಕಾರ್ಡ್ ನೋಡಿ, ಆಮೇಲೆ ತಂತ್ರಾಂಶ

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಚೆನ್ನಾಗಿಯೇ ಓಡುತ್ತಿರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸಾಗದ ಫೋಟೋಗ್ರಾಫರ್‌ಗಳು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ನತ್ತ ಬರುತ್ತಿದ್ದಾರೆ. ಬಂದವರು ಮೊದಲು ಫೋಟೋ ತಿದ್ದುವ ಡಾರ್ಕ್‌ಟೇಬಲ್ ತಂತ್ರಾಂಶ ಹಾಕಿಕೊಳ್ಳುತ್ತಾರೆ, ಆಮೇಲೆ ‘ಇದು ತೆವಳ್ತದೆ ಕಣ್ರೀ’ ಎಂದು ಬೈಯುತ್ತಾರೆ. ತೆವಳುವುದು ನಿಜ. ಆದರೆ ಸಾಮಾನ್ಯವಾಗಿ ತಪ್ಪು ಡಾರ್ಕ್‌ಟೇಬಲ್‌ನದಲ್ಲ. ದುಡ್ಡು ಸುರಿದು ಕೊಂಡ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಒಳಗೆ ಸುಮ್ಮನೆ ಕೂತಿರುತ್ತದೆ, ಲೆಕ್ಕವನ್ನೆಲ್ಲ ಪ್ರೊಸೆಸರ್ ಒಂದೇ ಹೊರುತ್ತಿರುತ್ತದೆ.

ಜೆಪೆಗ್ ಚಿತ್ರ ಕತ್ತರಿಸಿ, ಬೆಳಕು ಹೆಚ್ಚಿಸಿ ವಾಟ್ಸ್‌ಆ್ಯಪ್‌ಗೆ ಹಾಕುವುದಷ್ಟೇ ನಿಮ್ಮ ಕೆಲಸವಾದರೆ ಈ ರಗಳೆ ಬೇಡ. ಗಿಂಪ್ ಹಾಕಿಕೊಳ್ಳಿ, ಅದಕ್ಕೆ ಕಾರ್ಡ್‌ನ ಹಂಗು ಅಷ್ಟಿಲ್ಲ. ಮದುವೆಯ ಸಾವಿರಾರು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಚಿತ್ರ) ಇಟ್ಟುಕೊಂಡವರಿಗೆ ಮುಂದಿನದು.

ಯಾವ ಕಾರ್ಡ್? ಮೆನುವಿನಲ್ಲಿ ‘ಸಿಸ್ಟಮ್’ ಎಂದು ಹುಡುಕಿದರೆ ಸಿಸ್ಟಮ್ ಇನ್ಫರ್ಮೇಷನ್ ಪುಟ ಸಿಗುತ್ತದೆ. ಅದರಲ್ಲಿ ಗ್ರಾಫಿಕ್ಸ್ ಎಂಬ ಭಾಗ ನೋಡಿ. ಎನ್‌ವಿಡಿಯಾ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಸಾಧನ ಇರುತ್ತವೆ: ಪ್ರೊಸೆಸರ್ ಜತೆಗೇ ಬರುವ ಇಂಟೆಲ್ (ಅಥವಾ ಎಎಂಡಿ) ಒಂದು, ಎನ್‌ವಿಡಿಯಾ ಇನ್ನೊಂದು. ಕಾರ್ಡ್‌ನ ಹೆಸರು ಕಂಡ ಕೂಡಲೇ ಪುಟ ಮುಚ್ಚಬೇಡಿ. ಪಕ್ಕದಲ್ಲೇ ಇರುವ ‘ಡ್ರೈವರ್’ (ಕಾರ್ಡನ್ನು ನಡೆಸುವ ತಂತ್ರಾಂಶ) ಎಂಬ ಪದದ ಮುಂದೆ ಏನಿದೆ ಎಂಬುದೇ ಮುಖ್ಯ. ಅಲ್ಲಿ ‘ನೂವೋ’ (ಲಿನಕ್ಸ್ ಜತೆಗೇ ಬರುವ ಮುಕ್ತ ಡ್ರೈವರ್) ಎಂದಿದ್ದರೆ ಪರದೆ ಚೆನ್ನಾಗಿಯೇ ಮೂಡುತ್ತದೆ, ಆದರೆ ಕಾರ್ಡ್‌ನಿಂದ ಲೆಕ್ಕ ಮಾಡಿಸಲು ಡಾರ್ಕ್‌ಟೇಬಲ್‌ಗೆ ಬೇಕಾದ ಓಪನ್‌ಸಿಎಲ್ ಎಂಬ ವ್ಯವಸ್ಥೆ ಸಿಗುವುದಿಲ್ಲ. ‘ಎನ್‌ವಿಡಿಯಾ’ ಎಂದಿರಬೇಕು.

ಹೊಸದಾಗಿ ಕಾರ್ಡ್ ಕೊಳ್ಳುವವರಿಗೆ ಒಂದು ಮಾತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ ಸಿಗುವ ಜಿಟಿ 710 ಮುಟ್ಟಲೇಬೇಡಿ. ಅದು ಎನ್‌ವಿಡಿಯಾದ ಹಳೆಯ ಕೆಪ್ಲರ್ ಪೀಳಿಗೆಯ ಕಾಲದ್ದು, ಅದರ ಡ್ರೈವರ್ 470ನೇ ಸರಣಿಗೇ ನಿಂತಿದೆ. ಆ ದುಡ್ಡಿಗೆ ರ್‍ಯಾಮ್ ಹಾಕಿಸಿ.

ಡ್ರೈವರ್. ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ. ಉಬುಂಟುವಿನಲ್ಲಾದರೆ ‘ಅಡಿಷನಲ್ ಡ್ರೈವರ್ಸ್’. ‘ರೆಕಮೆಂಡೆಡ್’ ಎಂದು ಬರೆದಿರುವುದನ್ನು ಆರಿಸಿದರೆ ಸಾಮಾನ್ಯವಾಗಿ ಸಾಕು. ಆದರೂ ಹೆಸರಿನ ಕೊನೆಯಲ್ಲಿ ‘ಓಪನ್’ ಎಂಬ ಬಾಲ ಇದೆಯೇ ನೋಡಿಕೊಳ್ಳಿ. ಮುಕ್ತ ತಂತ್ರಾಂಶದ ಅಭಿಮಾನದಲ್ಲಿ ಅದನ್ನೇ ಒತ್ತುವವರಿದ್ದಾರೆ. ಅದು ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿ ಮತ್ತು ಅದಕ್ಕಿಂತ ಹೊಸ ಕಾರ್ಡ್‌ಗಳಿಗೆ ಮಾತ್ರ. ಜಿಟಿಎಕ್ಸ್ 1050 ಇರುವವರು ಬಾಲವಿಲ್ಲದ್ದನ್ನೇ ತೆಗೆದುಕೊಳ್ಳಬೇಕು. ‘ಸರ್ವರ್’ ಎಂಬ ಬಾಲದ್ದಂತೂ ಬೇಡವೇ ಬೇಡ.

ಎನ್‌ವಿಡಿಯಾ ತಾಣದಿಂದ ನೇರವಾಗಿ ಇಳಿಸಿಕೊಳ್ಳುವ ‘ರನ್’ ಫೈಲ್ ಒಂದಿದೆ. ಯೂಟ್ಯೂಬ್ ಪಂಡಿತರಿಗೆ ಅದೆಂದರೆ ಪ್ರಾಣ. ಇವತ್ತು ಕೆಲಸ ಮಾಡುತ್ತದೆ. ಮುಂದೊಂದು ದಿನ ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆದಾಗ ಕಪ್ಪು ಪರದೆ ಎದುರಿಗೆ ಕೂರಿಸುತ್ತದೆ. ಹಾಕಬೇಡಿ.

ನೀಲಿ ಪರದೆ. ಜನ ಎಡವುವುದೇ ಇಲ್ಲಿ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶ ಲೋಡ್ ಆಗದಂತೆ ತಡೆಯುವ ಕಾವಲು) ಆನ್ ಇರುವ ಯಂತ್ರಗಳಲ್ಲಿ ಡ್ರೈವರ್ ಹಾಕುವಾಗ ಮಧ್ಯದಲ್ಲಿ ಒಂದು ಪಾಸ್‌ವರ್ಡ್ ಇಡಲು ಕೇಳಬಹುದು. ಇದು ನಿಮ್ಮ ಲಾಗಿನ್ ಪಾಸ್‌ವರ್ಡ್ ಅಲ್ಲ. ಮುಂದಿನ ಬೂಟ್‌ನಲ್ಲಿ ಒಂದೇ ಒಂದು ಸಲ ಬೇಕಾಗುವಂಥದ್ದು. ಕನಿಷ್ಠ ಎಂಟು ಅಕ್ಷರ ಇರಬೇಕು. ಚಿಹ್ನೆಗಿಹ್ನೆ ಸೇರಿಸದೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟು ಚೀಟಿಯಲ್ಲಿ ಬರೆದುಕೊಳ್ಳಿ.

ರೀಸ್ಟಾರ್ಟ್ ಮಾಡಿದಾಗ ಮಿಂಟ್ ಬರುವ ಮುನ್ನ ನೀಲಿ ಪರದೆ ಬರುತ್ತದೆ. ಯಾವುದಾದರೂ ಕೀಲಿ ಒತ್ತಿ ಎನ್ನುತ್ತ ಹತ್ತರಿಂದ ಕೆಳಗೆ ಎಣಿಸುತ್ತದೆ. ಚಹಾ ತರಲು ಎದ್ದುಹೋದರೆ ಮುಗಿಯಿತು, ಎಣಿಕೆ ಮುಗಿದು ಯಂತ್ರ ಮುಂದೆ ಹೋಗಿಬಿಡುತ್ತದೆ. ಕೀಲಿ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಮೊದಲ ಸಾಲು ‘ಕಂಟಿನ್ಯೂ ಬೂಟ್’. ಎಲ್ಲರ ಬೆರಳು ಹೋಗುವುದು ಅದಕ್ಕೇ, ಕೆಲಸ ಕೆಡುವುದೂ ಅಲ್ಲೇ. ಮೌಸ್ ನಡೆಯುವುದಿಲ್ಲ. ಬಾಣದ ಕೀಲಿಯಿಂದ ಎರಡನೆಯ ಸಾಲಿಗೆ ಇಳಿಯಿರಿ: ‘ಎನ್‌ರೋಲ್ ಎಂಓಕೆ’ (ಅಂದರೆ ಯಂತ್ರದ ಮಾಲೀಕರ ಕೀ ನೋಂದಣಿ). ಎಂಟರ್ ಒತ್ತಿ, ‘ಕಂಟಿನ್ಯೂ’ ಆರಿಸಿ, ‘ಯೆಸ್’ ಎನ್ನಿ. ಆಗ ಚೀಟಿಯ ಪಾಸ್‌ವರ್ಡ್ ಕೇಳುತ್ತದೆ. ಒತ್ತುವಾಗ ತೆರೆಯ ಮೇಲೆ ಏನೂ ಮೂಡುವುದಿಲ್ಲ. ಕೀಬೋರ್ಡ್ ಸತ್ತಿದೆ ಎಂದುಕೊಂಡು ಮತ್ತೆ ಮತ್ತೆ ಕುಟ್ಟಬೇಡಿ. ಕೊನೆಗೆ ‘ರೀಬೂಟ್’.

ತಪ್ಪಿಹೋಯಿತೇ? ಡ್ರೈವರ್ ಹಾಕಿದಂತೆ ಕಂಡರೂ ಲೋಡ್ ಆಗಿರುವುದಿಲ್ಲ. ಡ್ರೈವರ್ ಮ್ಯಾನೇಜರ್‌ನಲ್ಲಿ ಅದನ್ನು ತೆಗೆದು ಮತ್ತೆ ಹಾಕಿ, ಪಾಸ್‌ವರ್ಡ್ ಕೇಳಿದರೆ ಇದೇ ದಾರಿ ಹಿಡಿಯಿರಿ. ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡುವ ಅಡ್ಡದಾರಿಯೂ ಇದೆ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇಟ್ಟುಕೊಂಡಿದ್ದರೆ ಆ ದಾರಿ ಬೇಡ, ವಿಂಡೋಸ್ ಮುನಿಸಿಕೊಂಡು ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕಿದ ಬೀಗ) ಕೀ ಕೇಳಬಹುದು.

ಈಗ ಸಿಸ್ಟಮ್ ಇನ್ಫರ್ಮೇಷನ್ ಮತ್ತೆ ನೋಡಿ. ನೂವೋ ಹೋಗಿ ಎನ್‌ವಿಡಿಯಾ ಬಂದಿರಬೇಕು. ಎರಡು ಸಾಧನದ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಮೂಲೆಯಲ್ಲಿ ಎನ್‌ವಿಡಿಯಾ ಪ್ರೈಮ್ ಗುರುತು ಬರುತ್ತದೆ. ಅದು ‘ಆನ್ ಡಿಮ್ಯಾಂಡ್’ನಲ್ಲಿರಲಿ. ಬ್ಯಾಟರಿ ಉಳಿಸಲು ಇಂಟೆಲ್‌ಗೆ ಬದಲಿಸಿ ಮರೆತುಬಿಟ್ಟರೆ ಕಾರ್ಡ್ ಇದ್ದೂ ಇಲ್ಲದಂತೆ.

ಡಾರ್ಕ್‌ಟೇಬಲ್. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹುಡುಕಿ, ಇನ್‌ಸ್ಟಾಲ್ ಒತ್ತಿ. ‘ಸಿಸ್ಟಮ್ ಪ್ಯಾಕೇಜ್’, ‘ಫ್ಲಾಟ್‌ಪ್ಯಾಕ್’ ಎಂಬ ಎರಡು ಆಯ್ಕೆ ಸಿಗುತ್ತವೆ: ಮೊದಲನೆಯದು ಮಿಂಟ್‌ನ ಸಂಗ್ರಹದ್ದು, ಎರಡನೆಯದು ಹೊರಗಿನಿಂದ ಬರುವ, ಸಾಮಾನ್ಯವಾಗಿ ಹೊಸ ಆವೃತ್ತಿ. ಮಿಂಟ್ 22ರ ಸಿಸ್ಟಮ್ ಪ್ಯಾಕೇಜ್ 4.6ರಲ್ಲೇ ಇದೆ. ಹೊಸ ಕ್ಯಾಮೆರಾದ ರಾ ಫೈಲ್ ಅದಕ್ಕೆ ಗೊತ್ತಿಲ್ಲದಿದ್ದರೆ ಚಿತ್ರದ ಜಾಗದಲ್ಲಿ ತಲೆಬುರುಡೆ ತೋರಿಸುತ್ತದೆ. ಫೈಲ್ ಕೆಟ್ಟಿತೆಂದು ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ! ಹೊಸ ಕ್ಯಾಮೆರಾದವರಿಗೆ ಫ್ಲಾಟ್‌ಪ್ಯಾಕೇ ಸರಿ. ಎನ್‌ವಿಡಿಯಾ ಡ್ರೈವರ್ ಬದಲಾದಾಗಲೆಲ್ಲ ಫ್ಲಾಟ್‌ಪ್ಯಾಕ್ ಅಪ್‌ಡೇಟ್ ಕೂಡ ಮಾಡಬೇಕು, ಅಷ್ಟೆ. ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಬೇಡಿ. ಎರಡರ ಲೈಬ್ರರಿ ಬೇರೆ ಬೇರೆ, ಒಂದರಲ್ಲಿ ಸೇರಿಸಿದ ಆಲ್ಬಮ್ ಇನ್ನೊಂದರಲ್ಲಿ ಕಾಣದೆ ಗಾಬರಿಯಾಗುತ್ತೀರಿ.

ಮೊದಲ ಸಲ ತೆರೆಯುವಾಗ ಡಾರ್ಕ್‌ಟೇಬಲ್ ನಿಮ್ಮ ಕಾರ್ಡ್‌ಗೆ ತಕ್ಕಂತೆ ಓಪನ್‌ಸಿಎಲ್ ಕೋಡ್ ಸಿದ್ಧಮಾಡಿಕೊಳ್ಳುತ್ತದೆ. ತಡವಾಗುತ್ತದೆ, ಅವಸರಪಟ್ಟು ಮುಚ್ಚಬೇಡಿ. ತೆರೆದ ಮೇಲೆ ಗಾಲಿಯ ಚಿಹ್ನೆ ಒತ್ತಿ, ‘ಪ್ರೊಸೆಸಿಂಗ್’ ವಿಭಾಗದಲ್ಲಿ ‘ಆ್ಯಕ್ಟಿವೇಟ್ ಓಪನ್‌ಸಿಎಲ್ ಸಪೋರ್ಟ್’ಗೆ ಟಿಕ್ ಹಾಕಿ. ಟಿಕ್ ಹಾಕಲು ಬಿಡದಿದ್ದರೆ ಡ್ರೈವರ್ ಇನ್ನೂ ಕೂತಿಲ್ಲ, ನೀಲಿ ಪರದೆಯ ಹಂತಕ್ಕೆ ವಾಪಸ್ ಹೋಗಿ.

ಕೊನೆಯ ಪರೀಕ್ಷೆಗೆ ‘ಡಿಫ್ಯೂಸ್ ಆರ್ ಶಾರ್ಪನ್’ ಮಾಡ್ಯೂಲ್‌ನಷ್ಟು ಒಳ್ಳೆಯದು ಬೇರೆ ಇಲ್ಲ, ಅದು ಅಷ್ಟು ಭಾರ. ಒಂದು ರಾ ಚಿತ್ರಕ್ಕೆ ಅದನ್ನು ಹಚ್ಚಿ, ಟಿಕ್ ಇದ್ದಾಗ ಒಮ್ಮೆ, ತೆಗೆದು ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ನೋಡಿ. ಎರಡೂ ಸಲ ಒಂದೇ ಹೊತ್ತು ಹಿಡಿದರೆ ಕಾರ್ಡ್ ಇನ್ನೂ ಕೆಲಸಕ್ಕೆ ಇಳಿದಿಲ್ಲ.