ಮೂರು ಕ್ಲೇಮ್ ಆದ ಮೇಲೆ ಕಾರಿನ ಇನ್ಶೂರೆನ್ಸ್ ಖರ್ಚನ್ನು ಇಳಿಸಿದ ಬಗೆ

ಎರಡು ವರ್ಷದಲ್ಲಿ ಮೂರು ಬಾರಿ ಕಾರನ್ನು ಜಖಂ ಮಾಡಿಕೊಂಡವನು ನಾನು. ಮನೆ ಕೊಡಗಿನ ಮೂರ್ನಾಡಿನಲ್ಲಿ, ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ ಕೆಲಸ. ಮೊದಲ ಅಪಘಾತ ಜುಲೈ ತಿಂಗಳಲ್ಲಿ ಸಂಪಾಜೆ ಘಾಟಿಯಲ್ಲಿ ಆಯಿತು. ದಟ್ಟ ಮಂಜು ಕವಿದಿದ್ದರೂ ವೇಗ ಇಳಿಸದೆ ತಿರುವಿನ ತಡೆಗೋಡೆಗೆ ಗುದ್ದಿದೆ. ಅದೇ ಡಿಸೆಂಬರ್‌ನಲ್ಲಿ ಕಾಫಿ ಕಣದ ಪಕ್ಕ ಕಾರನ್ನು ಹಿಂದಕ್ಕೆ ತೆಗೆಯುವಾಗ ಸಿಮೆಂಟ್ ಕಂಬಕ್ಕೆ ಬಂಪರ್ ತಾಗಿತು. ಮರುವರ್ಷ ಒಂದು ಸಂಜೆ ಚೆಟ್ಟಳ್ಳಿ ರಸ್ತೆಯಲ್ಲಿ ಆನೆ ಎದುರಾದಾಗ ಗಾಬರಿಯಿಂದ ರಿವರ್ಸ್ ತೆಗೆದು ಚರಂಡಿಗೆ ಇಳಿಸಿದೆ. ಇವುಗಳ ಜೊತೆಗೆ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಅತಿವೇಗಕ್ಕೆ ಎರಡು ದಂಡ. ಯಾರಿಗೂ ಗಾಯವಾಗಲಿಲ್ಲ ಎಂಬುದಕ್ಕೆ ಇಂದಿಗೂ ದೇವರಿಗೆ ಕೈಮುಗಿಯುತ್ತೇನೆ.

ಮೇ ತಿಂಗಳಲ್ಲಿ ನವೀಕರಣದ ಚೀಟಿ ಬಂತು: 13,270 ರೂಪಾಯಿ. ಅದು ಏಳು ವರ್ಷ ಹಳೆಯ, 1,197 ಸಿಸಿಯ ಸಣ್ಣ ಕಾರಿಗೆ. ಅಂದು ರಾತ್ರಿ ತೋಟದ ಲೆಕ್ಕ ಬರೆಯುವ ಹಾಗೆ ಆ ಚೀಟಿಯ ಒಂದೊಂದು ಸಾಲನ್ನೂ ಬೇರೆ ಬೇರೆ ಬರೆದುಕೊಂಡೆ. ನನ್ನಂತೆ ಕ್ಲೇಮ್‌ಗಳ ಇತಿಹಾಸ ಇರುವವರು ಮೊದಲು ಮಾಡಬೇಕಾದ ಕೆಲಸವೇ ಇದು. ಒಟ್ಟು ಮೊತ್ತವನ್ನು ನೋಡಿ ಹೆದರಿದರೆ ಉಪಯೋಗವಿಲ್ಲ, ಅದನ್ನು ಒಡೆದು ನೋಡಬೇಕು.

ನನ್ನ ಚೀಟಿಯಲ್ಲಿ ನಾಲ್ಕು ಸಾಲುಗಳಿದ್ದವು: ಥರ್ಡ್ ಪಾರ್ಟಿ ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ 3,416, ಸ್ವಂತ ಹಾನಿ ಅಂದರೆ ಓನ್ ಡ್ಯಾಮೇಜ್ 6,000, ಝೀರೋ ಡೆಪ್ (ಭಾಗಗಳು ಹಳತಾದವೆಂದು ಕ್ಲೇಮ್ ಹಣದಲ್ಲಿ ಕಡಿತ ಮಾಡದಿರುವ ರಕ್ಷಣೆ) ಮುಂತಾದ ಹೆಚ್ಚುವರಿಗಳು 1,500, ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ 330. ಎಲ್ಲದರ ಮೇಲೆ ಶೇಕಡ 18 ಜಿಎಸ್‌ಟಿ.

ಥರ್ಡ್ ಪಾರ್ಟಿ ದರವನ್ನು ಕಂಪನಿ ನಿರ್ಧರಿಸುವುದಿಲ್ಲ, ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ 1,000 ಸಿಸಿವರೆಗೆ 2,094, 1,500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897 ರೂಪಾಯಿ. ಒಮ್ಮೆಯೂ ಗೀರು ಬೀಳಿಸದವರಿಗೂ ನನಗೂ ಒಂದೇ ದರ. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ, ಇದನ್ನು ಬಿಡುವ ಹಾಗೂ ಇಲ್ಲ: ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಹಾಗಾಗಿ ನಾವು ಉಳಿಸಬಹುದಾದ ಹಣವೆಲ್ಲ ಉಳಿದ ಸಾಲುಗಳಲ್ಲೇ ಇದೆ.

ಸ್ವಂತ ಹಾನಿಯ ಸಾಲಿನಲ್ಲಿ ನನಗೆ ಪೆಟ್ಟು ಕೊಟ್ಟದ್ದು ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇಕಡ 20, ಆಮೇಲೆ ಕ್ರಮವಾಗಿ 25, 35, 45, ಕೊನೆಗೆ 50. ಒಂದೇ ಒಂದು ಕ್ಲೇಮ್ ಮಾಡಿದರೂ ಇದು ಸೊನ್ನೆಗೆ ಇಳಿಯುತ್ತದೆ. ನನಗೆ 50 ಇತ್ತು. 6,000ದ ಜಾಗದಲ್ಲಿ 3,000 ಕಟ್ಟುತ್ತಿದ್ದೆ.

ಘಾಟಿಯ ಅಪಘಾತಕ್ಕೆ ಕ್ಲೇಮ್ ಮಾಡಿದ್ದು ಸರಿ. ಬಾನೆಟ್, ರೇಡಿಯೇಟರ್, ಹೆಡ್‌ಲೈಟ್ ಎಲ್ಲ ಹೋಗಿದ್ದವು. ಕೈಯಿಂದ ಕೊಡುವಷ್ಟು ಶಕ್ತಿ ನನಗಿರಲಿಲ್ಲ. ಆದರೆ ಬಂಪರ್ ವಿಷಯ ನೋಡಿ. ಬಿಲ್ 7,000 ಆಗಿತ್ತು, ಅದರಲ್ಲಿ 4,000 ಪ್ಲಾಸ್ಟಿಕ್ ಭಾಗದ್ದು. ಝೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್‌ಗೆ ಅರ್ಧ ಬೆಲೆಯನ್ನಷ್ಟೇ ಕೊಡುತ್ತಾರೆ, ಅಲ್ಲಿ 2,000 ಹೋಯಿತು. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಪೇಂಟಿನಲ್ಲೂ ಸ್ವಲ್ಪ ಕಡಿತ. ನಾಲ್ಕು ಸಾವಿರವೂ ಕೈಗೆ ಬರುವುದಿಲ್ಲ. ಇನ್ನೊಂದು ಕಡೆ, ಶೇಕಡ 50 ಇದ್ದವನು ಅಂಥ ಒಂದು ಕ್ಲೇಮ್ ಮಾಡಿ ಮತ್ತೆ 50ಕ್ಕೆ ಏರುವವರೆಗೆ ಹೆಚ್ಚಿಗೆ ಕಟ್ಟುವುದೆಷ್ಟು? ಮೊದಲ ವರ್ಷ 3,000, ಆಮೇಲೆ 1,800, 1,500, 900, 300. ಒಟ್ಟು 7,500, ಜಿಎಸ್‌ಟಿ ಸೇರಿ 8,850. ಆ ವರ್ಷ ನನ್ನ ಎನ್‌ಸಿಬಿ ಜುಲೈನಲ್ಲೇ ಹೋಗಿದ್ದರಿಂದ ಬಂಪರ್ ಕ್ಲೇಮ್ ರಿಯಾಯಿತಿಯ ಲೆಕ್ಕದಲ್ಲಿ ಹೊಸ ನಷ್ಟ ಮಾಡಲಿಲ್ಲ. ಆದರೆ ಕ್ಲೇಮ್‌ಗಳ ಸಂಖ್ಯೆ ಏರಿತು. ಮುಂದೆ ಒಂದು ಕಂಪನಿ ಅದನ್ನೇ ತೋರಿಸಿ ಝೀರೋ ಡೆಪ್ ಕೊಡಲು ಒಪ್ಪಲಿಲ್ಲ. ಆದ್ದರಿಂದ ಗ್ಯಾರೇಜಿನಿಂದ ಅಂದಾಜು ಬಿಲ್ ತೆಗೆದುಕೊಳ್ಳಿ, ಮನೆಯಲ್ಲಿ ಕುಳಿತು ಈ ಲೆಕ್ಕವನ್ನು ಮಾಡಿ, ಆಮೇಲೆ ಕಂಪನಿಗೆ ಫೋನ್ ಮಾಡುವುದೋ ಬೇಡವೋ ತೀರ್ಮಾನಿಸಿ. ಎದುರಿನವರಿಗೆ ಗಾಯ ಅಥವಾ ನಷ್ಟ ಆಗಿದ್ದರೆ ಈ ಲೆಕ್ಕಕ್ಕೆ ಹೋಗಬೇಡಿ. ತಕ್ಷಣ ಪೊಲೀಸರಿಗೂ ಕಂಪನಿಗೂ ತಿಳಿಸಬೇಕು.

ಕೈಯಿಂದ ಸಣ್ಣ ರಿಪೇರಿ ಮಾಡಿಸುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿದ ಮೇಲೆ ನನಗೆ ಇನ್ನೊಂದು ದಾರಿ ಕಾಣಿಸಿತು. ವಾಲಂಟರಿ ಡಿಡಕ್ಟಿಬಲ್ ಎಂದು ಕೇಳಿ. ಪ್ರತಿ ಕ್ಲೇಮ್‌ನಲ್ಲಿ ಮೊದಲ ಇಷ್ಟು ರೂಪಾಯಿಯನ್ನು ನಾನೇ ಭರಿಸುತ್ತೇನೆ ಎಂದು ಒಪ್ಪಿಕೊಳ್ಳುವುದು. ಹಳೆಯ ದರಪಟ್ಟಿಯ ಲೆಕ್ಕದಲ್ಲಿ 2,500ಕ್ಕೆ ಒಪ್ಪಿದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇಕಡ 20, ಆದರೆ 750 ರೂಪಾಯಿ ಮೀರದಂತೆ ರಿಯಾಯಿತಿ. 5,000ಕ್ಕೆ ಒಪ್ಪಿದರೆ ಶೇಕಡ 25, ಗರಿಷ್ಠ 1,500. ನಾನು 5,000 ಆರಿಸಿದೆ. ಐದು ಸಾವಿರದೊಳಗಿನ ರಿಪೇರಿಗೆ ಹೇಗೂ ಕ್ಲೇಮ್ ಮಾಡದವನಿಗೆ ವರ್ಷಕ್ಕೆ 1,500 ಉಳಿದಂತಾಯಿತು. 15,000ದ ಮಟ್ಟವೂ ಇದೆ, ರಿಯಾಯಿತಿ ಗರಿಷ್ಠ 2,500. ತಿಂಗಳ ಸಂಬಳದ ಮೇಲೆ ಮನೆ ನಡೆಸುವವರಿಗೆ ಅದು ಬೇಡ ಎನ್ನುತ್ತೇನೆ.

ವೈಯಕ್ತಿಕ ಅಪಘಾತ ವಿಮೆಗೆ ನಾನು ವರ್ಷಗಟ್ಟಲೆ ಎರಡೆರಡು ಸಲ ಕಟ್ಟಿದ್ದೆ, ಸ್ಕೂಟರಿಗೆ ಒಮ್ಮೆ, ಕಾರಿಗೆ ಒಮ್ಮೆ. ಇದು 15 ಲಕ್ಷದ ರಕ್ಷಣೆ. ವಾಹನ ಎಷ್ಟೇ ಇದ್ದರೂ ಮಾಲೀಕನಿಗೆ ಒಂದು ಸಾಕು. ಇದ್ದ ಒಂದರ ಪ್ರತಿ ತೋರಿಸಿ ಇನ್ನೊಂದನ್ನು ತೆಗೆಸಿದೆ.

ಝೀರೋ ಡೆಪ್ ಅನ್ನು ಬಿಟ್ಟೆ. ಇದರ ಬೆಲೆ ಏನೆಂದು ತಿಳಿದೇ ಬಿಟ್ಟೆ: ಐದು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೂ ಶೇಕಡ 40 ಕಡಿತವಾಗುತ್ತದೆ. ಹೊಸ ಕಾರಾಗಿದ್ದರೆ ಬಿಡುತ್ತಿರಲಿಲ್ಲ. ಆದರೆ ಎಂಜಿನ್ ರಕ್ಷಣೆಯನ್ನು 500 ರೂಪಾಯಿಗೆ ಉಳಿಸಿಕೊಂಡೆ, ನಮ್ಮ ಜಿಲ್ಲೆಯಲ್ಲಿ ಇದನ್ನು ಯಾರೂ ಬಿಡಬಾರದು. ಮರ ಬಿದ್ದರೆ, ಗುಡ್ಡ ಜರಿದರೆ, ಪ್ರವಾಹ ಬಂದರೆ ಫುಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುತ್ತದೆ. 2018ರ ಆಗಸ್ಟ್ ನೋಡಿದ ನಮಗೆ ಅದರ ಬೆಲೆ ಗೊತ್ತು. ಆದರೆ ಭಾಗಮಂಡಲದಲ್ಲೋ ಕರಡಿಗೋಡಿನಲ್ಲೋ ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್‌ಗೆ ನೀರು ನುಗ್ಗಿದರೆ ಆ ಹಾನಿಯನ್ನು ಸಾಮಾನ್ಯ ಪಾಲಿಸಿ ಭರಿಸುವುದಿಲ್ಲ. ನೀರು ನುಗ್ಗಿದ ಕಾರಿನ ಕೀಲಿಯನ್ನು ಮುಟ್ಟದೆ ಎಳೆಸಿಕೊಂಡು ಹೋಗಿ.

ದರ ಹೋಲಿಸುವಾಗ ಒಂದು ಮೋಸ ಕಂಡೆ. ಒಂದು ಕಡೆ ಬಹಳ ಅಗ್ಗ ಕಾಣಿಸಿತು. ನೋಡಿದರೆ ಐಡಿವಿ, ಅಂದರೆ ಕಾರಿಗೆ ಕಟ್ಟಿದ ಬೆಲೆಯನ್ನು 3 ಲಕ್ಷದಿಂದ 2 ಲಕ್ಷ 20 ಸಾವಿರಕ್ಕೆ ಇಳಿಸಿದ್ದರು. ಎಲ್ಲ ಕಡೆಯೂ ಒಂದೇ ಐಡಿವಿ ಹಾಕಿಸಿ ಹೋಲಿಸಿ, ಸರ್ಕಾರಿ ಸ್ವಾಮ್ಯದ ಕಂಪನಿಗಳನ್ನೂ ಕೇಳಿ. ಮುಗಿಯುವ ತಾರೀಖಿಗೆ ಒಂದು ತಿಂಗಳು ಮೊದಲೇ ಶುರು ಮಾಡಿ. ತಾರೀಖು ದಾಟಿದರೆ 90 ದಿನದೊಳಗೆ ಎನ್‌ಸಿಬಿ ಉಳಿಯುತ್ತದೆ ನಿಜ, ಆದರೆ ಆ ದಿನಗಳಲ್ಲಿ ಕಾರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಅತಿವೇಗದ ದಂಡಗಳು ನನಗೆ ಬಂದ ಯಾವ ದರಚೀಟಿಯಲ್ಲೂ ಲೆಕ್ಕಕ್ಕೆ ಬರಲಿಲ್ಲ. ಆದರೂ ಎರಡನ್ನೂ ಕಟ್ಟಿದೆ.

ಶುಕ್ರವಾರ ಮಡಿಕೇರಿ ಸಂತೆಗಷ್ಟೇ ಕಾರು ತೆಗೆಯುವವರಿದ್ದರೆ, ಓಡಿಸಿದ ಕಿಲೋಮೀಟರ್‌ಗೆ ತಕ್ಕ ಪ್ರೀಮಿಯಂ ಇರುವ ಯೋಜನೆಗಳನ್ನು ಕೇಳಿ. 2022ರಿಂದ ಅದಕ್ಕೆ ಅನುಮತಿ ಇದೆ. ದಿನವೂ ಓಡಾಡುವ ನನಗೆ ಅದು ಹೊಂದಲಿಲ್ಲ.

“ಅಣ್ಣ, ಕ್ಲೇಮ್ ಆಗಿಲ್ಲ ಎಂದು ಬರೆದುಬಿಡೋಣ, 50 ಪರ್ಸೆಂಟ್ ಸಿಗುತ್ತದೆ” ಎಂದು ಒಬ್ಬ ಏಜೆಂಟ್ ಹೇಳಿದ. ಒಪ್ಪಬೇಡಿ. ಹೊಸ ಕಂಪನಿ ಹಳೆಯ ಕಂಪನಿಯನ್ನು ವಿಚಾರಿಸುತ್ತದೆ; ಸುಳ್ಳು ಹೊರಬಿದ್ದರೆ ಸ್ವಂತ ಹಾನಿಯ ಕ್ಲೇಮ್ ಕೈಬಿಟ್ಟು ಹೋಗುತ್ತದೆ. ಹೋಂಸ್ಟೇ ನಡೆಸುವವರಿಗೂ ಒಂದು ಮಾತು: ಬಿಳಿ ಬೋರ್ಡಿನ ಕಾರಿನಲ್ಲಿ ಅತಿಥಿಗಳನ್ನು ಬಾಡಿಗೆಗೆ ಸುತ್ತಾಡಿಸಬೇಡಿ, ಖಾಸಗಿ ಪಾಲಿಸಿ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಮದುವೆ ಊಟ ಮುಗಿಸಿ ಕುಡಿದು ಓಡಿಸಿದರೂ ಅಷ್ಟೇ, ಕಾರಿನ ಹಾನಿಗೆ ಬಿಡಿಗಾಸೂ ಸಿಗುವುದಿಲ್ಲ.

13,270ರ ಆ ಚೀಟಿ ಕೊನೆಗೆ 9,931ಕ್ಕೆ ಇಳಿಯಿತು. ಒಂದು ವರ್ಷ ಕ್ಲೇಮ್ ಇಲ್ಲದೆ ಕಳೆದದ್ದರಿಂದ ಈ ಮೇ ತಿಂಗಳಲ್ಲಿ ಶೇಕಡ 20 ರಿಯಾಯಿತಿ ಮರಳಿ ಬಂದು 8,869 ಕಟ್ಟಿದೆ. ಈಗ ಮಂಜು ಇಳಿಯುವ ತಿಂಗಳುಗಳಲ್ಲಿ ಮನೆಯಿಂದ ಕಾಲು ಗಂಟೆ ಮೊದಲೇ ಹೊರಡುತ್ತೇನೆ.